ಇನಾ ಕೇವಾಳ ಅವಲಕ್ಕಿ ಕಲ್ಲು

ಲೆವೊಕೆಮಿ ಎಂಬ ದ್ವೀಪದ ಊರಲ್ಲಿ ಕೋಳಿಗಿಂತ ಮೊದಲು ಕಲ್ಲು ಕೂಗುತ್ತದೆ. ಬೋಲೆಂಗ್ ಬೆಟ್ಟದ ನೆತ್ತಿಗೆ ಇನ್ನೂ ಬೆಳಕು ತಾಗಿರುವುದಿಲ್ಲ, ಅಷ್ಟರಲ್ಲೇ ಹಿತ್ತಿಲು ಹಿತ್ತಿಲಲ್ಲಿ ಒಲೆ ಹೊತ್ತಿ, ಮಡಕೆಯಲ್ಲಿ ಮುಸುಕಿನ ಜೋಳ ಚಟಪಟ ಎನ್ನುತ್ತ, ಟಕ್ ಟಕ್ ಎಂದು ಆ ಜೋಳದ ಅವಲಕ್ಕಿ ಕುಟ್ಟುವ ಸದ್ದು ಏಳುತ್ತದೆ. ಸುಡುವ ಕಾಳನ್ನು ಬರಿಗೈಯಲ್ಲೇ ಎತ್ತಿ ಅಡಿಗಲ್ಲಿನ ಮೇಲಿಟ್ಟು, ಮೇಲುಗಲ್ಲಿನಿಂದ ಒಂದು ಏಟು. ಬಿಸಿ ಆರಿತೋ, ಪುಡಿ. ಬಿಸಿ ಇದ್ದಾಗಲೇ ಬಿದ್ದರೆ ಹೂವಿನ ಎಸಳು. ಯಾರ ಮನೆ ಸೊಸೆ ತವರಿಗೆ ಹೋಗಿದ್ದಾಳೆ, ಯಾರಿಗೆ ಇವತ್ತು ಗಂಡನ ಮೇಲೆ ಸಿಟ್ಟು ಎಂಬುದನ್ನು ಇನಾ ಕೇವಾ ಚಾಪೆಯಿಂದ ಏಳದೆ ಆ ಸದ್ದಿನಲ್ಲೇ ಹೇಳಿಬಿಡುತ್ತಿದ್ದಳು.

ಇನಾ ಅಂದರೆ ಅಮ್ಮ. ಹೊಟ್ಟೆಯಲ್ಲಿ ಒಂದೂ ಹುಟ್ಟದಿದ್ದರೂ ಊರಿಗೆಲ್ಲ ಅವಳು ಇನಾ. ಗಂಡ ಮೀನಿಗೆ ಹೋದವನು ಯಾವತ್ತೋ ಸಮುದ್ರದ ಪಾಲಾಗಿದ್ದ. ಆಮೇಲೆ ಮಿಷನ್ ಮನೆಯಲ್ಲಿ ಅಡುಗೆಗೆ ನಿಂತವಳು, ಬಂದು ಹೋದ ಪಾದ್ರಿಗಳಿಗೆಲ್ಲ ಊಟದ ಜೊತೆ ಬೈಗುಳವನ್ನೂ ಬಡಿಸಿ ಸಾಕಿದ್ದಳು. ಅವಳ ಬಾಯಿಗೆ ಹೆದರದ ಗಂಡಸು ಊರಲ್ಲಿ ಇರಲಿಲ್ಲ. ಒಬ್ಬ ಇದ್ದ, ಅವಳ ತಮ್ಮ ಸುಬಾನ್. ಅವನು ಕುಲದ ಹಿರಿಯ, ಊರಿನ ಯಜಮಾನ. ಅಕ್ಕನ ಬಾಯಿಯನ್ನು ಹುಟ್ಟಿದಾಗಿನಿಂದ ಕೇಳಿ ಕೇಳಿ ಅವನ ಕಿವಿ ಗಟ್ಟಿಯಾಗಿತ್ತು.

ಕೇವಾಳಿಗೆ ಆಸ್ತಿ ಅಂತ ಇದ್ದದ್ದು ಅವಳ ಕಲ್ಲು. ಬೆಟ್ಟದಿಂದ ಇಳಿದ ಕರಿಗಲ್ಲು, ಅಜ್ಜಿಯ ಅಜ್ಜಿಯ ಕೈಯಿಂದ ಬಂದದ್ದು, ನಡುವೆ ಅಂಗೈಯಷ್ಟು ಸವೆದು ತಗ್ಗಾಗಿತ್ತು. ಅಲ್ಲಿ ಅವಲಕ್ಕಿ ಕಲ್ಲನ್ನು ಕೊಳ್ಳುವುದಿಲ್ಲ, ಮಾರುವುದಿಲ್ಲ, ಒಂದು ದಿನದ ಮಟ್ಟಿಗೂ ಸಾಲ ಕೊಡುವುದಿಲ್ಲ. ತಾಯಿ ಕಲ್ಲು ಮಗಳಿಗೆ, ಮಗಳದು ಮೊಮ್ಮಗಳಿಗೆ. ಹೆಣ್ಣುಮಕ್ಕಳಿಲ್ಲದೆ ಸತ್ತವಳ ಕಲ್ಲನ್ನು ಅವಳ ಗೋರಿಯ ಮೇಲೆ ಬೋರಲು ಹಾಕಿ ಬರುತ್ತಾರೆ, ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಸ್ಮಶಾನದ ಮೂಲೆಯಲ್ಲಿ ಅಂಥ ಎರಡು ಮೂರು ಕಲ್ಲುಗಳು ಪಾಚಿ ಹಿಡಿದು ಬಿದ್ದಿದ್ದವು. ಆ ಕಡೆ ಹೋದಾಗಲೆಲ್ಲ ಕೇವಾ ಮುಖ ತಿರುಗಿಸಿಕೊಂಡು ನಡೆಯುತ್ತಿದ್ದಳು.

ಅವಳಿಗೆ ಇನ್ನೊಂದು ಹಳೆಯ ಉರಿಯಿತ್ತು. ಚಿಕ್ಕವಳಿದ್ದಾಗ ಪಾದ್ರಿಗಳು ಗಂಡುಹುಡುಗರಿಗೆ ಶಾಲೆ ತೆರೆದರು. ಸುಬಾನ್ ಹೋದ. ಇವಳು ದಿನಾ ಮುಂಜಾನೆ ಅವನಿಗಾಗಿ ಜೋಳ ಹುರಿದು, ಕುಟ್ಟಿ, ಬಿಸಿಬಿಸಿ ಅವಲಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ, ಶಾಲೆಯ ಬಾಗಿಲ ತನಕ ಹೋಗಿ ಕೊಟ್ಟು ಬರುತ್ತಿದ್ದಳು. ಬಾಗಿಲ ಒಳಗೆ ಕಾಲಿಡುವ ಹಾಗಿರಲಿಲ್ಲ. ಬಿದಿರು ಗೋಡೆಯ ಹಿಂದೆ ಸ್ವಲ್ಪ ಹೊತ್ತು ನಿಂತು, ಹುಡುಗರು ಒಕ್ಕೊರಲಿನಲ್ಲಿ ಕೂಗುವುದನ್ನು ಕೇಳಿಸಿಕೊಂಡು ಹಿಂದಿರುಗುತ್ತಿದ್ದಳು. ಒಂದು ಸಾರಿ "ಆ ಹಲಗೆ ಮೇಲೆ ಬರೆದದ್ದು ಏನೋ?" ಅಂತ ಕೇಳಿದ್ದಕ್ಕೆ ತಮ್ಮ ಮೂಗು ಮೇಲೆ ಮಾಡಿ, "ನಿಂಗ್ಯಾಕೆ? ನೀನು ಕಲ್ಲು ನೋಡ್ಕೋ" ಅಂದಿದ್ದ. ಅದನ್ನು ಅವನು ಮರೆತಿದ್ದ. ಇವಳು ಮರೆತಿರಲಿಲ್ಲ.

ಡಚ್ಚರ ಆಳ್ವಿಕೆ ಮುಗಿದು ಆರೇಳು ವರ್ಷವಾಗಿರಬೇಕು, ಆಗ ಸಿಸ್ಟರ್ ಅಲೀದಾ ಬಂದರು. ಹುಡುಗಿಯರಿಗೆ ಪಾಠ ಹೇಳುವುದಕ್ಕೆ ಹಾಲೆಂಡಿನಿಂದ ಹೊರಟುಬಂದ ಮೂವತ್ತರ ಆಸುಪಾಸಿನ ಹೆಂಗಸು. ದೋಣಿಯಿಂದ ಇಳಿಯುವಾಗ ಮುಖ ಬಾಳೆದಿಂಡಿನ ಹಾಗೆ ಬೆಳ್ಳಗೆ, ಸಂಜೆ ಹೊತ್ತಿಗೆ ಬೆಂದ ಸೀಗಡಿಯ ಹಾಗೆ ಕೆಂಪಗೆ. ಮೈಮೇಲೆ ಚಳಿ ದೇಶದ ದಪ್ಪ ಉಣ್ಣೆಯ ನಿಲುವಂಗಿ, ಅದರೊಳಗೆ ಇನ್ನೆರಡು ಪದರ. ಮೂರನೆಯ ದಿನ ಪೂಜೆಯ ನಡುವೆ ದೊಪ್ಪೆಂದು ಬಿದ್ದರು. ಕೇವಾ ಅವರನ್ನು ಮಗುವಿನ ಹಾಗೆ ಎತ್ತಿ ತಂದು, ಎಳನೀರು ಕುಡಿಸಿ, ಅವರಿಗೆ ಎಚ್ಚರವಾಗುವ ಮುಂಚೆ ಒಳಗಿನ ಎರಡು ಪದರವನ್ನೂ ಕತ್ತರಿಯಿಂದ ಕತ್ತರಿಸಿ ಒಲೆಗೆ ಹಾಕಿದಳು.

ಎಚ್ಚರವಾದ ಸಿಸ್ಟರ್ ಗಾಬರಿಯಿಂದ ಮೈ ತಡವಿಕೊಂಡರು.

"ಹುಡುಕಬೇಡಿ ಸಿಸ್ಟರ್, ಸುಟ್ಟುಹಾಕ್ದೆ" ಅಂದಳು ಕೇವಾ. "ದೇವರಿಗೆ ನೀವು ಬೇಕಾದ್ದು ಹಸಿಯಾಗಿ, ಬೇಯಿಸಿ ಅಲ್ಲ."

ಅಂದಿನಿಂದ ಇಬ್ಬರ ಪಾಠ ಶುರುವಾಯಿತು. ಸಿಸ್ಟರ್ ನಡುಮಧ್ಯಾಹ್ನ ಊರಲ್ಲಿ ತಿರುಗಾಡುತ್ತಿದ್ದರು. ಆ ಹೊತ್ತಿನಲ್ಲಿ ದೆವ್ವಗಳು ಮಾತ್ರ ನಡೆದಾಡುವುದು ಅಂತ ತಿಳಿದ ಮಕ್ಕಳು ಬಿಳಿ ಬಟ್ಟೆ ಕಂಡದ್ದೇ ಕಿರುಚಿ ಓಡುತ್ತಿದ್ದರು. ಕೇವಾ ಅವರನ್ನು ಮಧ್ಯಾಹ್ನ ಹುಣಸೆಮರದ ಕೆಳಗೆ ಸುಮ್ಮನೆ ಕೂರಿಸಿ ಅಭ್ಯಾಸ ಮಾಡಿಸಿದಳು. ಬಾಲ್ದಿ ಸ್ನಾನ, ನುಗ್ಗೆಸೊಪ್ಪಿನ ಸಾರು, ಚಪ್ಪಲಿ ಹಾಕುವ ಮುಂಚೆ ಚೇಳಿಗಾಗಿ ಕೊಡವುವುದು, ಎಲ್ಲ ಹೇಳಿಕೊಟ್ಟಳು. ಮಾತನ್ನೂ ಕಲಿಸಿದಳು. ಅದರ ಫಲವಾಗಿ ಆ ಪಾಪದ ಸಿಸ್ಟರು ದೊಡ್ಡ ಪಾದ್ರಿಗಳ ಎದುರಿಗೆ ಆಡನ್ನು ಓಡಿಸುವಾಗ ಆಡಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಪಾದ್ರಿಗಳು ಕೇವಾಳ ಕಡೆ ನೋಡಿದರು, ಕೇವಾ ಸೂರಿನ ಕಡೆ ನೋಡಿದಳು.

ಮೈಗೆ ಬಿಸಿಲು ಒಗ್ಗಿತು, ನಾಲಿಗೆಗೆ ಮಾತು ಹತ್ತಿತು. ಆದರೆ ಬಂದ ಕೆಲಸ ಮಾತ್ರ ನಿಂತಲ್ಲೇ ನಿಂತಿತ್ತು. ಸಿಸ್ಟರ್ ದಿನಾ ಸೂರ್ಯ ಹುಟ್ಟುವ ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುತ್ತಿದ್ದರು, ಬೆಂಚುಗಳು ಖಾಲಿ. ತಂಪು ಹೊತ್ತಿನಲ್ಲಿ ಪಾಠವಾಗಲಿ ಅಂತ ಅವರ ಲೆಕ್ಕ. ಊರಿನ ಹೆಣ್ಣುಮಕ್ಕಳೆಲ್ಲ ಒಲೆಯ ಮುಂದೆ ಕಲ್ಲು ಹಿಡಿದು ಕೂತಿರುವ ಹೊತ್ತೇ ಅದು. ಕೇವಾ ಹೇಳಿದಳು, ಸಿಸ್ಟರ್ ಗಂಟೆಯನ್ನು ಮುಂದಕ್ಕೆ ಹಾಕಿದರು, ಆಗಲೂ ಯಾರೂ ಬರಲಿಲ್ಲ. ಯಾಕೆಂದರೆ ಅಡ್ಡ ನಿಂತದ್ದು ಹೊತ್ತಲ್ಲ, ಸುಬಾನ್.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಜಲಸಂಧಿಯ ಆಚೆ ಪಟ್ಟಣದ ಕಾನ್ವೆಂಟಿನಿಂದ ದೊಡ್ಡ ಮದರ್ ಬಂದು ಹೋದರು. ಹೊಸ ಜೋಳ ಮನೆಗೆ ಬರುವುದರೊಳಗೆ ಹುಡುಗಿಯರು ಬಾರದಿದ್ದರೆ ಇಲ್ಲಿನ ಮನೆ ಮುಚ್ಚಿ ಸಿಸ್ಟರನ್ನು ಬೇರೆ ದ್ವೀಪಕ್ಕೆ ಕಳಿಸುವುದಾಗಿ ಹೇಳಿದರು. ಅವರ ದೋಣಿ ಮರೆಯಾದ ಮೇಲೆ ಸಿಸ್ಟರ್ ಅಡುಗೆಮನೆಗೆ ಬಂದು ಮೂಲೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತರು. ಇಷ್ಟು ದಿನ ತಾನು ಸಾಕಿದ್ದು ಬರೀ ಒಬ್ಬ ಸಿಸ್ಟರನ್ನಲ್ಲ ಅಂತ ಕೇವಾಳಿಗೆ ಆಗ ಗೊತ್ತಾಯಿತು. ಕೈ ಒರೆಸಿಕೊಂಡು ನೇರ ತಮ್ಮನ ಮನೆಗೆ ನಡೆದಳು.

ಸುಬಾನ್ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದ. ಅವನ ಮೊಮ್ಮಗಳು ಬೆಂಗಾ, ಹತ್ತು ವರ್ಷದ ಚೂಟಿ ಹುಡುಗಿ, ಪಕ್ಕದಲ್ಲಿ ನೂಲು ಬಿಡಿಸುತ್ತಿದ್ದಳು.

"ನಿನ್ನ ಬೆಂಗಾನ ಶಾಲೆಗೆ ಕಳ್ಸೋ" ಅಂದಳು ಕೇವಾ. "ನೀನು ಕಳಿಸಿದ್ರೆ ಊರೆಲ್ಲ ಕಳಿಸುತ್ತೆ."

"ಕೂತ್ಕೋ ಅಕ್ಕ. ಬಂದವಳು ಬಂದ ಹಾಗೇ ಜಗಳಕ್ಕೆ ನಿಲ್ತೀಯಲ್ಲ."

"ಕೂರೋಕೆ ಬಂದಿಲ್ಲ."

ಸುಬಾನ್ ಉಗುಳಿ ಬಾಯಿ ಒರೆಸಿಕೊಂಡ. "ನೋಡಕ್ಕ, ಓದಿದ ಹುಡುಗಿ ನೇಯೋದು ಬಿಡ್ತಾಳೆ. ಕುಟ್ಟೋದು ಬಿಡ್ತಾಳೆ. ನಾಳೆ ಅವಳನ್ನ ಕೇಳಿಕೊಂಡು ಬರೋರು ಹೆಣ್ಣಿನ ತೆರ ಅಂತ ಒಂದು ಆನೆದಂತ ತರ್ತಾರಾ? ಮೇಕೆ ಹಲ್ಲು ತರ್ತಾರೆ. ಆ ನಿನ್ನ ಸಿಸ್ಟರ್‌ಗೆ ಒಲೆ ಹಚ್ಚೋಕೆ ಬರುತ್ತಾ? ಅವಳು ನಮ್ಮ ಹುಡುಗೀರಿಗೆ ಏನು ಕಲಿಸ್ತಾಳೆ?"

"ಎಲ್ಲಾ ಕಲೀತಿದ್ದಾಳೆ."

"ಹೌದಾ? ಹಾಗಾದ್ರೆ ಹೊಸ ಜೋಳದ ಹಬ್ಬದ ದಿನ ತನ್ನ ಸ್ವಂತ ಕಲ್ಲಿನ ಮೇಲೆ, ತನ್ನ ಕೈಯಾರೆ ಕುಟ್ಟಿ ನಂಗೆ ಅವಲಕ್ಕಿ ಬಡಿಸಲಿ. ಎಸಳು ಮುರೀಬಾರ್ದು. ಆವತ್ತೇ ಬೆಂಗಾ ಅವಳವಳು. ಊರವರ ಮುಂದೆ ಹೇಳ್ತೀನಿ, ಬೇಕಾದ್ರೆ."

ಅಂದಂತೆಯೇ ಊರವರ ಮುಂದೆ ಹೇಳಿಯೂ ಬಿಟ್ಟ, ಹೇಳಿ ಗಹಗಹಿಸಿ ನಕ್ಕ. ಕುಟ್ಟುವುದು ಕಲಿಯಬಹುದು, ಸ್ವಂತ ಕಲ್ಲು ಎಲ್ಲಿಂದ ತರುತ್ತಾಳೆ? ತಾಯಿಯಿಲ್ಲದ ಊರಲ್ಲಿ ಹೆಣ್ಣಿಗೆ ಕಲ್ಲಿಲ್ಲ. ಕೂತವರಿಗೂ ಅದು ಹೊಳೆದು, ಅವರೂ ತೊಡೆ ತಟ್ಟಿ ನಕ್ಕರು.

ಸಿಸ್ಟರಿಗೆ ಮಾತ್ರ ಹೊಳೆಯಲಿಲ್ಲ. ಖುಷಿಯಿಂದ ಮನೆಮನೆಗೆ ಹೋಗಿ ಕಲ್ಲು ಕೇಳಿದರು. ಊರವರು ಕೋಳಿ ಕೊಟ್ಟರು, ಬಾಳೆಗೊನೆ ಕೊಟ್ಟರು, ಒಬ್ಬಳು ತಾನು ನೇಯ್ದ, ಸೊಂಟಕ್ಕೆ ಸುತ್ತುವ ಸಾರೋಂಗನ್ನೇ ಉಡಿಸಿ ಕಳಿಸಿದಳು. ಕಲ್ಲು ಅಂದಕೂಡಲೇ ನೆಲ ನೋಡಿದರು. ಕೊನೆಗೆ ಸಿಸ್ಟರ್ ಕಡಲ ದಂಡೆಯಿಂದ ಚಪ್ಪಟೆ ಕಲ್ಲೆರಡನ್ನು ತಾವೇ ಹೊತ್ತು ತಂದರು. ಅದು ಹವಳದ ಕಲ್ಲು, ಮೂರೇಟಿಗೆ ಉದುರಿ ಅವಲಕ್ಕಿಯೆಲ್ಲ ಮರಳಾಯಿತು. ಬೇಲಿಯ ಆಚೆ ನಿಂತ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಕೇವಾ ನಗಲಿಲ್ಲ. ಮಾತೂ ಆಡಲಿಲ್ಲ. ಅವಳು ಮಾತಾಡದೆ ಇದ್ದದ್ದನ್ನು ಕಂಡು ಊರವರು ಮೈಯಲ್ಲಿ ಹುಷಾರಿಲ್ಲವೇನೋ ಅಂದುಕೊಂಡರು. ಅವಳ ತಲೆಯೊಳಗೆ ಒಂದೇ ವಿಚಾರ ಬೀಸುವ ಕಲ್ಲಿನಂತೆ ತಿರುಗುತ್ತಿತ್ತು. ಕೊಡಬಹುದು. ಬದುಕಿರುವಾಗಲೇ ಕೈಯಾರೆ ಕೊಡಬಹುದು, ಬೋರಲು ಬೀಳುವುದು ತಪ್ಪುತ್ತದೆ. ಆದರೆ ಇವರು ಹಡಗಿನಲ್ಲಿ ಬಂದವರು, ಹಡಗು ಕರೆದರೆ ಹೋಗುವವರು. ಅಜ್ಜಿಯ ಅಜ್ಜಿಯ ಕಲ್ಲು ಯಾವುದೋ ಚಳಿ ದೇಶದಲ್ಲಿ ಹಿಮ ಹೊದ್ದು ಮಲಗಿದರೆ? ಅದಕ್ಕಿಂತ ಗೋರಿಯೇ ವಾಸಿ ಅಲ್ಲವೇ?

ಒಂದು ಮಧ್ಯಾಹ್ನ ಹುಣಸೆಮರದ ಕೆಳಗೆ ಅವಳು ಸುತ್ತುಬಳಸಿಲ್ಲದೆ ಕೇಳಿದಳು. "ಸಿಸ್ಟರ್, ನೀವು ಒಂದಿನ ಹೋಗ್ಬಿಡ್ತೀರಾ?"

ಸಿಸ್ಟರ್ ಸುಳ್ಳು ಹೇಳಬಹುದಿತ್ತು. "ಕಳಿಸಿದ್ರೆ ಹೋಗ್ಲೇಬೇಕು ಇನಾ" ಅಂದರು. "ಹೋಗಲ್ಲ ಅಂತ ಹೇಳೋ ಅಧಿಕಾರ ನಂಗಿಲ್ಲ."

"ಹಾಗಾದ್ರೆ ನಿಮಗೆ ಯಾರಾದ್ರೂ ಏನಾದ್ರೂ ಕೊಟ್ಟಿದ್ರೆ?"

"ನಮಗೆ ಸ್ವಂತ ಅಂತ ಏನೂ ಇಟ್ಕೊಳ್ಳೋ ಹಾಗಿಲ್ಲ. ಇಲ್ಲಿ ಸಿಕ್ಕಿದ್ದು ಇಲ್ಲಿಗೇ. ಹೋಗುವಾಗ ಇಲ್ಲಿನ ಒಂದು ಹುಡುಗಿ ಕೈಗೆ ಕೊಟ್ಟು ಹೋಗ್ತೀನಿ."

ಕೇವಾಳ ಎದೆಯ ಮೇಲಿನ ಭಾರ ಇಳಿದು ನಗು ಬಂತು. ಆಮೇಲೆ ಇನ್ನೊಂದು ಹೊಳೆದು ಆ ನಗು ಜೋರಾಯಿತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. "ಸುಬಾನಾ, ಬೆಪ್ಪು ಮುಂಡೇದೇ" ಅಂದಳು. ಯಾಕೆಂದು ಸಿಸ್ಟರ್ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಮರುದಿನದಿಂದ ಮಿಷನ್ ಮನೆಯ ಹಿತ್ತಿಲಲ್ಲಿ ಬಾಗಿಲು ಹಾಕಿಕೊಂಡು ಪಾಠ. ಗುರು ಅಡುಗೆಯವಳು, ಶಿಷ್ಯೆ ಮೇಷ್ಟ್ರಮ್ಮ, ಅಭ್ಯಾಸಕ್ಕೆ ಅಡುಗೆಮನೆಯ ಖಾರ ಅರೆಯುವ ಕಲ್ಲು. ಸಿಸ್ಟರಿನ ಬೆರಳು ಸುಟ್ಟು ಬೊಬ್ಬೆ ಎದ್ದವು, ಬೊಬ್ಬೆ ಒಡೆದು ಚರ್ಮ ದಪ್ಪವಾಯಿತು. ಕಾಳು ಎತ್ತಲು ಹೆದರಿ ತಡಮಾಡುತ್ತಿದ್ದರು, ಅಷ್ಟರಲ್ಲಿ ಆರಿ ಪುಡಿಯಾಗುತ್ತಿತ್ತು.

"ಯೋಚನೆ ಮಾಡ್ಬೇಡ್ರೀ! ಕೈ ಹಾಕೋದು, ತೆಗೆಯೋದು, ಕುಟ್ಟೋದು. ಯೋಚನೆ ಮಾಡೋಕೆ ಚರ್ಚ್ ಇದೆ."

"ಸುಡುತ್ತೆ ಇನಾ!"

"ಸುಡ್ದೇ ಇನ್ನೇನು ಮುತ್ತಿಕ್ಕುತ್ತಾ?"

ಹೊಸ ಜೋಳದ ಹಬ್ಬ ಬಂತು. ಕುಲದ ಮನೆಯ ಮುಂದೆ ಚಾಪೆ ಹಾಸಿ ಹಿರಿಯರು ಕೂತರು. ತಾಳೆ ಹೆಂಡ ಕರಟದಲ್ಲಿ ಸುತ್ತು ಹೊಡೆಯಿತು. ಸುಬಾನ್ ನಡುವೆ ಕೂತು ಮೀಸೆಯಡಿಯಲ್ಲಿ ನಗುತ್ತಿದ್ದ. ಸಿಸ್ಟರ್ ಬಂದರು, ಬಿಳಿ ನಿಲುವಂಗಿಯ ಮೇಲೆ ಊರಿನ ಸಾರೋಂಗ್ ಸುತ್ತಿದ್ದರು. ಹಿಂದೆಯೇ ಕೇವಾ, ತಲೆಯ ಮೇಲೆ ಬಟ್ಟೆ ಮುಚ್ಚಿದ ಭಾರ ಹೊತ್ತು. ಅದನ್ನು ಇಳಿಸಿ ಬಟ್ಟೆ ಸರಿಸಿದಳು. ನಡುವೆ ತಗ್ಗಾದ ಕರಿಗಲ್ಲನ್ನು ಗುರುತಿಸದವರು ಅಲ್ಲಿ ಯಾರೂ ಇರಲಿಲ್ಲ.

"ಅಕ್ಕ, ಇದೇನು, ನಿನ್ನ ಕಲ್ಲು ತಂದಿದ್ದೀಯ?" ಅಂದ ಸುಬಾನ್. "ಸಾಲದ ಕಲ್ಲು ನಡೆಯಲ್ಲ."

"ನನ್ನ ಕಲ್ಲಲ್ಲ" ಅಂದಳು ಕೇವಾ. ಧ್ವನಿ ಇಡೀ ಬಯಲಿಗೆ ಕೇಳಿಸುವಷ್ಟಿತ್ತು. "ನನ್ನ ಮಗಳ ಕಲ್ಲು. ಇವತ್ತು ಬೆಳಿಗ್ಗೆ ನನ್ನ ಒಲೆ ಮುಂದೆ ಕೂರಿಸಿ, ತಲೆಗೆ ಎಣ್ಣೆ ಹಚ್ಚಿ, ಕೈಯಾರೆ ಕೊಟ್ಟಿದ್ದೀನಿ. ಅಲೀದಾ ಇವತ್ತಿಂದ ನನ್ನ ಮಗಳು. ಬೇಡ ಅನ್ನೋರು ಇದ್ರೆ ಈಗ್ಲೇ ಬಾಯಿ ಬಿಡಿ."

ಯಾರು ಬೇಡ ಅಂದಾರು? ಮಗಳನ್ನು ಮಾಡಿಕೊಳ್ಳುವುದು ಹೆಂಗಸಿನ ಹಕ್ಕು, ಅದಕ್ಕೆ ಯಜಮಾನನ ಅಪ್ಪಣೆ ಬೇಕಿಲ್ಲ. ಮುದುಕಿಯೊಬ್ಬಳು ಮೊದಲು "ಹೂಂ" ಅಂದಳು, ಹಿಂದೆಯೇ ಹೆಂಗಸರ ಸಾಲೆಲ್ಲ "ಹೂಂ" ಅಂದಿತು. ಸುಬಾನ್‌ನ ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ಅದು ಎಲ್ಲಿ ಕೂರಬೇಕೆಂದು ತಿಳಿಯದೆ ಅಲೆಯುತ್ತಿತ್ತು.

ಸಿಸ್ಟರ್ ಮಂಡಿಯೂರಿ ಕೂತು ಒಲೆ ಹಚ್ಚಿದರು. ಜೋಳ ಚಟಪಟ ಅಂದಿತು. ಮಡಕೆಗೆ ಕೈ ಹಾಕಿ ಕಾಳು ತೆಗೆದರು, ಏಟು ಹಾಕಿದರು. ಪುಡಿ.

ಹಿರಿಯರ ಚಾಪೆಯಿಂದ ಒಂದು ಕಿಸಕ್ಕನೆಯ ನಗು ಬಂತು. ಎರಡನೆಯದೂ ಮುರಿಯಿತು. ಕೇವಾ ಮಾತಾಡುವ ಹಾಗಿಲ್ಲ, ಮಾತಾಡಿದರೆ ಹೇಳಿಕೊಟ್ಟ ಹಾಗೆ. ಅವಳು ಸುಮ್ಮನೆ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿ, ತನ್ನ ತೊಡೆಯ ಮೇಲೆ ಬೆರಳಿನಿಂದ ದಿನನಿತ್ಯದ ಮುಂಜಾನೆಯ ಲಯ ಹಾಕತೊಡಗಿದಳು. ಟಕ್, ಟಕ್. ಸಿಸ್ಟರ್ ಅದನ್ನು ಕಂಡರು. ಯೋಚನೆ ಬಿಟ್ಟರು. ಕೈ ಹೋಯಿತು, ಬಂತು, ಕಲ್ಲು ಬಿತ್ತು. ಎಸಳು! ಅಂಚು ಹರಿಯದ, ತೆಳ್ಳಗಿನ ಬಿಳಿ ಎಸಳು. ಇನ್ನೊಂದು, ಮತ್ತೊಂದು. ಹೆಂಗಸರು ಸಿಳ್ಳೆ ಹೊಡೆದರು, ಬೆಂಗಾ ತಾತನ ಬೆನ್ನ ಹಿಂದೆ ಕುಣಿದಳು.

ಸಿಸ್ಟರ್ ಎಸಳುಗಳನ್ನು ಎಲೆಯ ಮೇಲೆ ಹರಡಿ ಸುಬಾನ್‌ನ ಮುಂದಿಟ್ಟರು. ಅವನು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಬಾಯಿಗೆ ಹಾಕಿ ನಿಧಾನ ಅಗಿದ.

"ಉಪ್ಪಿಲ್ಲ" ಅಂದ.

"ನಿನ್ನ ಜೀವಮಾನವೆಲ್ಲ ಉಪ್ಪಿಲ್ಲದ್ದೇ ತಿಂದಿದ್ದೀಯ, ಇವತ್ತೇನು ನಾಲಿಗೆಗೆ ಬಂತು?" ಅಂದಳು ಕೇವಾ. "ನುಂಗು. ನುಂಗಿದ ಮೇಲೆ ನೀನು ಯಾರು ಅಂತ ಜ್ಞಾಪಿಸ್ಕೋ."

ಆಗ ಅವನಿಗೆ ತಟ್ಟಿತು. ಅಗಿಯುತ್ತಿದ್ದ ದವಡೆ ನಿಂತೇಹೋಯಿತು. ಅಕ್ಕನ ಮಗಳು! ತಾಯಿಯ ಕಲ್ಲಿನ ಮೇಲೆ ಮಗಳು ಕುಟ್ಟಿದ ಮೊದಲ ಅವಲಕ್ಕಿಯನ್ನು ತಿನ್ನುವವನು ಸೋದರಮಾವ, ತಿಂದ ದಿನ ಅವಳು ಕೇಳಿದ್ದನ್ನು ಇಲ್ಲ ಅನ್ನುವ ಹಾಗಿಲ್ಲ. ಊರಿಗೆ ಊರೇ ಒಮ್ಮೆಲೇ ಅದನ್ನು ಅರ್ಥ ಮಾಡಿಕೊಂಡು ಹೋ ಎಂದು ಕೂಗಿತು. ಪರದೇಶದ ಸಿಸ್ಟರಿಗೆ ಷರತ್ತು ಹಾಕಿದ್ದ ಯಜಮಾನ, ಎಲ್ಲರೂ ನೋಡುತ್ತಿದ್ದ ಹಾಗೆ ಅವಳ ಮಾವನಾಗಿ ಕೂತಿದ್ದ.

ಸಿಸ್ಟರ್ ಎರಡೂ ಕೈ ಜೋಡಿಸಿದರು. ಮುಖವೆಲ್ಲ ಮಸಿ, ಬೆವರು. "ಮಾವ" ಅಂದರು, "ಬೆಂಗಾನ ನೀವು ಆಗ್ಲೇ ಸೋತಿದ್ದೀರಿ. ಅವಳನ್ನ ಕೇಳಲ್ಲ. ಊರಿನ ಹುಡುಗೀರನ್ನೆಲ್ಲ ಕೊಡಿ."

ಸುಬಾನ್ ಅಕ್ಕನನ್ನು ನೋಡಿದ. ಅಕ್ಕ ಕುಲದ ಮನೆಯ ಸೂರಿನ ಕಡೆ ನೋಡುತ್ತಿದ್ದಳು. ಅವನ ಹೊಟ್ಟೆಯಿಂದ ಎದ್ದ ನಗು ಹೆಂಡದ ಕರಟವನ್ನು ಉರುಳಿಸಿತು. "ತಗೊಂಡು ಹೋಗಮ್ಮ, ಎಲ್ಲರನ್ನೂ ತಗೊಂಡು ಹೋಗು! ಇಂಥ ತಾಯಿ ಸಿಕ್ಕಿದ ಮೇಲೆ ನೀನು ಕಾನ್ವೆಂಟನ್ನೇ ಕೇಳಿದ್ರೂ ಆ ಮದರ್ ಕೊಡ್ಬೇಕು." ಆಮೇಲೆ ಗಂಭೀರನಾಗಿ ಒಂದು ಮಾತು ಸೇರಿಸಿದ. "ಆದ್ರೆ ಗಂಟೆ ಹೊಡೀಬೇಡ. ಕಲ್ಲು ಕೂಗೋವಾಗ ಕಬ್ಬಿಣ ಕೂಗಬಾರ್ದು."

ಗಂಟೆ ಆಮೇಲೆ ಹೊಡೆಯಲಿಲ್ಲ. ಮುಂಜಾನೆ ಊರಿನ ಕಲ್ಲುಗಳು ಒಂದೊಂದಾಗಿ ಸುಮ್ಮನಾಗುತ್ತವೆ, ಕೊನೆಯ ಕಲ್ಲು ನಿಂತಿತೆಂದರೆ ಶಾಲೆ ಶುರು. ಮೊದಲ ದಿನ ಮಡಿಲಲ್ಲಿ ಬೆಚ್ಚಗಿನ ಅವಲಕ್ಕಿ ಕಟ್ಟಿಕೊಂಡು ಹುಡುಗಿಯರು ಓಣಿ ಓಣಿಯಿಂದ ಇಳಿದು ಬಂದರು. ಬೆಂಚು ಸಾಲದೆ ಚಾಪೆ ಹಾಸಬೇಕಾಯಿತು. ಬೆಂಗಾ ಎಲ್ಲರಿಗಿಂತ ಮುಂದೆ.

ಕೇವಾ ಬಾಗಿಲ ಹೊರಗೆ ನಿಂತಿದ್ದಳು, ಹಳೆಯ ಅಭ್ಯಾಸ. ಒಳಗಿನಿಂದ ಸಿಸ್ಟರ್ ಕರೆದರು. "ಇನಾ, ಒಳಗೆ ಬನ್ನಿ. ನಿಮಗೂ ಜಾಗ ಇಟ್ಟಿದ್ದೀನಿ."

"ನಂಗ್ಯಾಕಮ್ಮ ಈ ವಯಸ್ಸಲ್ಲಿ" ಅಂದಳು. ಕಾಲು ಮಾತ್ರ ಅಲ್ಲಿಂದ ಕದಲಲಿಲ್ಲ.

ಆಗ ಹಿಂದಿನಿಂದ ಯಾರೋ ಕೆಮ್ಮಿದರು. ಸುಬಾನ್ ನಿಂತಿದ್ದ, ಕೈಯಲ್ಲಿ ಬಟ್ಟೆಯ ಗಂಟು. ಅವಳ ಮುಖ ನೋಡದೆ ಗಂಟನ್ನು ಮುಂದೆ ಚಾಚಿದ. ಬಿಚ್ಚಿದರೆ ಅವಲಕ್ಕಿ, ಅವಲಕ್ಕಿ ಅನ್ನುವುದಕ್ಕಿಂತ ಮುಕ್ಕಾಲು ಹಿಟ್ಟು, ಇನ್ನೂ ಬಿಸಿಯಿತ್ತು. ಅವನ ಹೆಬ್ಬೆರಳು ಜಜ್ಜಿ ಕಪ್ಪಾಗಿತ್ತು, ಬೆರಳ ತುದಿಯಲ್ಲಿ ಬೊಬ್ಬೆ. ಲೆವೊಕೆಮಿಯಲ್ಲಿ ಗಂಡಸು ಆ ಕಲ್ಲಿನ ಮುಂದೆ ಕೂತದ್ದನ್ನು ಯಾರೂ ಕಂಡಿರಲಿಲ್ಲ.

"ದಿನಾ ನೀನು ಕಟ್ಟಿಕೊಡ್ತಿದ್ದೆ" ಅಂದ. "ಹಸ್ಕೊಂಡು ಪಾಠ ತಲೆಗೆ ಹತ್ತಲ್ಲ ಅಕ್ಕ. ಹೋಗು, ಹೊತ್ತಾಯ್ತು."

ಕೇವಾಳ ಬಾಯಿಗೆ ಬೈಗುಳ ಬರಲಿಲ್ಲ, ಹುಟ್ಟಿದಾಗಿನಿಂದ ಮೊದಲ ಸಲ. ಒಂದು ಚಿಟಿಕೆ ಹಿಟ್ಟನ್ನು ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿದಳು.

"ಉಪ್ಪಿಲ್ಲ ಕಣೋ" ಅಂದು, ಗಂಟನ್ನು ಮಡಿಲಿಗೆ ಸಿಕ್ಕಿಸಿಕೊಂಡು, ಶಾಲೆಯ ಬಾಗಿಲು ದಾಟಿ ಒಳಗೆ ಹೋದಳು.